ಸಾಡೊ ದ್ವೀಪದಲ್ಲಿ ಒಂದು ಗಂಟೆ ತೈಕೊ

ಹತ್ತು ವರ್ಷ ಮೃದಂಗ ಕಲಿತವನಿಗೆ ಚರ್ಮವಾದ್ಯವೇನೂ ಹೊಸದಲ್ಲವೆಂಬ ಸಣ್ಣ ಜಂಬವನ್ನು ಹೊತ್ತುಕೊಂಡೇ ನಾನು ಜಪಾನಿನ ಡೋಲಾದ ತೈಕೊ ಬಾರಿಸಿ ನೋಡಲೆಂದು ಅಲ್ಲಿನ ನೀಗಾತಾ ಬಂದರಿನಲ್ಲಿ ಜೆಟ್‌ಫಾಯಿಲ್ ಎಂಬ ವೇಗದ ದೋಣಿ ಹತ್ತಿದ್ದೆ. ಒಂದು ಗಂಟೆಗೂ ತುಸು ಹೆಚ್ಚಿನ ಪಯಣದ ಬಳಿಕ ಸಾಡೊ ದ್ವೀಪದ ರ್ಯೋತ್ಸು ಬಂದರು ಸಿಗುತ್ತದೆ. ನಾನು ಹೋಗಬೇಕಾಗಿದ್ದದ್ದು ದಕ್ಷಿಣದ ಓಗಿಗೆ. 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ನೀಡಿದ ಕೊಡೊ ಎಂಬ ತೈಕೊ ತಂಡದ ನೆಲೆ ಆ ಭಾಗದಲ್ಲೇ ಇದೆ. ಅಲ್ಲಿ ಪ್ರವಾಸಿಗರಿಗೂ ತೈಕೊ ಕಲಿಸುವ ಕೇಂದ್ರದ ಹೆಸರು ತತಾಕೋಕಾನ್. 'ತತಾಕೋ' ಎಂದರೆ 'ಬಾರಿಸೋಣ'.

ನಮಗೆ ಕೊಟ್ಟದ್ದು ಪೀಪಾಯಿಯಾಕಾರದ ನಾಗಾದೊ ಡೋಲು. ಸಾಂಪ್ರದಾಯಿಕ ನಾಗಾದೊವನ್ನು ಮರದ ಒಂದೇ ದಿಮ್ಮಿಯಿಂದ ಕೊರೆದು, ಎರಡೂ ಬಾಯಿಗೆ ಚರ್ಮ ಎಳೆದು, ಸಾಲಾಗಿ ಮೊಳೆ ಹೊಡೆದು ಬಿಗಿಯುತ್ತಾರೆ. ಮೃದಂಗದ ಹಾಗೆ ನಡುವೆ ಕಪ್ಪು ಕರಣೆಯೂ ಇಲ್ಲ, ಬಾರು ಬಿಗಿದು ಶ್ರುತಿ ಸೇರಿಸುವ ಗೋಜೂ ಇಲ್ಲ.

ಪಾಠ ಆರಂಭವಾದದ್ದು ಬಾಯಿಯಿಂದ. ನಡುವೆ ಬೀಳುವ ಗಟ್ಟಿ ಪೆಟ್ಟು 'ದೋನ್', ಜೋಡಿ ಪೆಟ್ಟು 'ದೊಕೊ', ಅಂಚಿನ ಪೆಟ್ಟು 'ಕ'; ನಮ್ಮ ಕೊನ್ನಕೋಲಿನ ಹಾಗೆ ಪೆಟ್ಟುಗಳನ್ನು ಬಾಯಲ್ಲಿ ಸೊಲ್ಲುಗಳಾಗಿ ಹೇಳುವ ಇದಕ್ಕೆ ಕುಚಿ ಶೋಗಾ ಎನ್ನುತ್ತಾರೆ. ಸೊಲ್ಲುಗಳೆಲ್ಲ ನನಗೆ ಕೂಡಲೇ ಒಲಿದವು, ಕೈ ಮಾತ್ರ ಒಲಿಯಲಿಲ್ಲ. ಎಡಗಾಲು ಮುಂದಿಟ್ಟು, ಮಂಡಿ ಬಾಗಿಸಿ, ಬಾಚಿ ಎಂಬ ಕೋಲನ್ನು ತಲೆಯ ಮೇಲಕ್ಕೆತ್ತಿ ತೋಳಿನ ಭಾರದಲ್ಲೇ ಬೀಳಬಿಡಬೇಕಾದಲ್ಲಿ, ನಾನು ಅಭ್ಯಾಸಬಲದಿಂದ ಮಣಿಕಟ್ಟಿನಲ್ಲೇ ತಟ್ಟುತ್ತಿದ್ದೆ. ಕಲಿಸುತ್ತಿದ್ದಾಕೆ ನನ್ನ ಕೋಲುಗಳನ್ನು ಇಸಿದುಕೊಂಡು, ಬರಿಗೈಯನ್ನು ಎತ್ತಿ ಬೀಳಬಿಡುವುದನ್ನೇ ಹಲವು ಬಾರಿ ಮಾಡಿಸಿದರು. ಮತ್ತೆ ಕೋಲು ಸಿಕ್ಕ ಉತ್ಸಾಹದಲ್ಲಿ ವೇಗ ಹೆಚ್ಚಿಸಿದೆ. ಒಂದು ಕೋಲು ಜಾರಿ ಪಕ್ಕದವರ ಡೋಲಿನ ಕೆಳಗೆ ಉರುಳಿತು.

ಹೀಗೆ ಹಲವರು ಒಟ್ಟಾಗಿ ಬಾರಿಸುವ ಪದ್ಧತಿ ಪುರಾತನವೆಂದು ನಾನು ನಂಬಿದ್ದೆ. ತೈಕೊ ಹಳೆಯದೇ, ಆದರೆ ಬಗೆಬಗೆಯ ಡೋಲುಗಳನ್ನು ಕೂಡಿಸಿ ವೇದಿಕೆಗೆ ತಂದ ಕುಮಿದೈಕೊ, ನಾಗಾನೊ ಪ್ರಾಂತದ ಜಾಝ್ ಡ್ರಮ್ಮರ್ ಒಗುಚಿ ದೈಹಾಚಿ 1951ರಲ್ಲಿ ರೂಪಿಸಿದ್ದು. ಸಾಡೊದ ಸ್ವಂತ ಹಳೆಯ ಸೊತ್ತೆಂದರೆ ರಾಕ್ಷಸ ಮುಖವಾಡ ತೊಟ್ಟು ಕುಣಿಯುವ 'ಒಂದೆಕೊ' ಎಂಬ ಡೋಲು ಕುಣಿತ.

ಕೊನೆಗೆ ದೊಡ್ಡ ಡೋಲಿನ ಸರದಿ. ಕೆಯಾಕಿ ಮರದ ಬೊಡ್ಡೆಯಿಂದ ಕೊರೆದ ಅದರ ಎರಡು ಬದಿಗೂ ಒಬ್ಬೊಬ್ಬರಂತೆ ನಿಂತೆವು. ಎದುರಿನವರು ಹೊಡೆದಾಗ ನನ್ನ ಕಡೆಯ ಚರ್ಮ ಉಬ್ಬಿ ಗಾಳಿ ಎದೆಗೆ ಬಡಿಯಿತು. ಅದುರು ಆರುವ ತನಕ ನನ್ನ ಪೆಟ್ಟನ್ನು ತಡೆದು ಹಿಡಿಯುವುದೇ ಆ ಗಂಟೆಯ ಅತಿ ಕಷ್ಟದ ಕೆಲಸವಾಗಿತ್ತು.

ಸಂಜೆ ಕೈ ನೋಡಿಕೊಂಡೆ. ಮೃದಂಗ ಪಳಗಿಸಿದ ಬೆರಳತುದಿಗಳಿಗೆ ಏನೂ ಆಗಿರಲಿಲ್ಲ. ಕೋಲನ್ನು ಬಿಗಿಯಾಗಿ ಹಿಡಿದಿದ್ದ ಹೆಬ್ಬೆರಳ ಬುಡದಲ್ಲಿ ಕಡಲೆಗಾತ್ರದ ಬೊಬ್ಬೆ ಎದ್ದಿತ್ತು.