ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಮೊದಲು ಮನೆ ಹಿಂದಿನ ಬರೆ ನೋಡಿಕೊಳ್ಳಿ

ಸೌದೆ, ಅಕ್ಕಿ, ಮೇಣದಬತ್ತಿ ಎಲ್ಲರೂ ತೆಗೆದಿಟ್ಟಿರುತ್ತೀರಿ, ಅದನ್ನು ಹೇಳುವುದಿಲ್ಲ. ಬರೆ, ಅಂದರೆ ಗುಡ್ಡ ಕಡಿದ ಕಡೆ ನಿಂತಿರುವ ಮಣ್ಣಿನ ಗೋಡೆ, ಅದರ ವಿಷಯ ಮಾತ್ರ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಕಂಡವರೇ ನಾವು, ಅಲ್ವಾ?

ಮಳೆ ಸ್ವಲ್ಪ ಬಿಟ್ಟಾಗ ಒಬ್ಬರನ್ನು ಜೊತೆಗೆ ಕರೆದುಕೊಂಡು ಪಕ್ಕದಿಂದ ಹೋಗಿ ನೋಡಿ (ಜಿಗಣೆಗೆ ಉಪ್ಪು ಜೇಬಲ್ಲಿರಲಿ): ಮೇಲೆ ಮಣ್ಣು ಉದ್ದಕ್ಕೆ ಬಿರುಕು ಬಿಟ್ಟಿದೆಯಾ, ನೆಟ್ಟಗಿದ್ದ ಸಿಲ್ವರ್ ಮರ ವಾಲಿದೆಯಾ, ಹೊಸ ಜಾಗದಲ್ಲಿ ಕೆಸರು ನೀರು ಜಿನುಗುತ್ತಿದೆಯಾ. ಇದರಲ್ಲಿ ಒಂದು ಕಂಡರೂ ಆ ರಾತ್ರಿ ಮನೆಯಲ್ಲಿ ಮಲಗಬೇಡಿ. ಟಾರ್ಪಾಲು ಹೊದಿಸಿದೆವು, ಸಾಕು ಅಂತ ಸುಮ್ನೆ ಕೂರುವುದೂ ಬೇಡ. ಅದು ಮೇಲೆ ಬೀಳುವ ನೀರನ್ನು ತಡೆಯುತ್ತದೆ, ಆಗಲೇ ಒಳಗೆ ಇಳಿದ ನೀರನ್ನಲ್ಲ.

ಚರಂಡಿ ದಿನಾ ನೋಡಿ. ಹೋದ ವರ್ಷ ನಮ್ಮಲ್ಲಿ ಹಲಸಿನ ಎಲೆ ಕಟ್ಟಿಕೊಂಡು ರಾತ್ರಿ ಅಡುಗೆಮನೆಯಲ್ಲಿ ಚೊಂಬು ತೇಲುತ್ತಿತ್ತು, ತಪ್ಪು ನನ್ನದೇ.

ಕರೆಂಟ್ ಹೋದರೆ ಟವರೂ ಹೋಗುತ್ತೆ. ಹಾಗಾಗಿ ಎಲ್ಲಿಗೆ ಹೋಗುವುದು ಅಂತ ಪಕ್ಕದ ಮನೆಯವರ ಜೊತೆ ಈಗಲೇ ಮಾತಾಡಿಡಿ. ಸಿಗ್ನಲ್ ಇದ್ದರೆ ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ಹೊರಡುವಾಗ ನಾಯಿ, ದನದ ಹಗ್ಗ ಬಿಚ್ಚಿ.