ಶ್ಯೂಟ್ಸ್‌ನ ಆಲ್ಟೋ ಸಾಲು ನನಗೆ ಒಲಿದ ಬಗೆ

ಜರ್ಮನಿಯ ಡ್ರೆಸ್ಡನ್‌ಗೆ ಕೆಲಸಕ್ಕೆಂದು ಬಂದ ಎರಡನೆಯ ಚಳಿಗಾಲದಲ್ಲಿ, ಹಾಡದೆ ಗಂಟಲು ತುಕ್ಕು ಹಿಡಿಯುತ್ತಿದೆಯೆಂಬ ಸಂಕಟ ತಾಳಲಾರದೆ, ಮನೆಯ ಹತ್ತಿರದ ಲೂಥರನ್ ಚರ್ಚೊಂದರ ಗಾಯಕವೃಂದವನ್ನು ಸೇರಿದೆ. ಮೈಸೂರಿನಲ್ಲಿ ಒಂಬತ್ತು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೆನೆಂಬುದನ್ನು ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ. ಪಾಶ್ಚಾತ್ಯ ಸ್ವರಲಿಪಿಯಾದ ಸ್ಟಾಫ್ ನೊಟೇಶನ್ ಓದಲು ಬರುತ್ತಿರಲಿಲ್ಲ, ನನ್ನ ಜರ್ಮನ್ ದಿನಸಿ ಕೊಳ್ಳುವುದಕ್ಕಷ್ಟೇ ಸಾಲುತ್ತಿತ್ತು. ವೃಂದದ ನಿರ್ದೇಶಕಿ ಪಿಯಾನೋದ ಪಕ್ಕದಲ್ಲಿ ನಿಲ್ಲಿಸಿಕೊಂಡು ನಾಲ್ಕು ಸ್ವರ ಹಾಡಿಸಿದರು. ಐದೂವರೆ ಮನೆ ಶ್ರುತಿಯಲ್ಲಿ ಮಂದ್ರ ಪಂಚಮದವರೆಗೆ ಇಳಿದು ರೂಢಿಯಿದ್ದ ನನ್ನ ದನಿಯನ್ನು ಕೇಳಿ, ಹೆಚ್ಚು ಯೋಚಿಸದೆ ಆಲ್ಟೋದವರ, ಎಂದರೆ ತಗ್ಗಿನ ಹೆಣ್ಣುದನಿಯವರ, ಸಾಲಿಗೆ ಕಳಿಸಿ, ಕೈಗೆ ಎಂಟು ಪುಟಗಳ ಒಂದು ಪ್ರತಿಯನ್ನು ಕೊಟ್ಟರು. ಅದರ ತಲೆಯ ಮೇಲೆ ಹೈನ್ರಿಶ್ ಶ್ಯೂಟ್ಸ್ ಎಂಬ ಹೆಸರಿತ್ತು. ಬಾಖ್ ಹುಟ್ಟುವುದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1585ರಲ್ಲಿ, ಹುಟ್ಟಿದ ಈ ಸಂಗೀತಗಾರ ಇದೇ ಊರಿನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಆಸ್ಥಾನದ ಸೇವೆಯಲ್ಲಿದ್ದನೆಂಬುದು ಆಗ ನನಗೆ ಗೊತ್ತಿರಲಿಲ್ಲ.

ಆ ರಚನೆಯ ಮೊದಲ ಮಾತುಗಳು ‘ಜ಼ೇಲಿಶ್ ಜ಼ಿಂಟ್ ಡೀ ಟೋಟನ್’. ಎಂದರೆ, ಸತ್ತವರು ಧನ್ಯರು. ಬೈಬಲಿನ ಪ್ರಕಟನೆ ಗ್ರಂಥದ 14ನೆಯ ಅಧ್ಯಾಯದ 13ನೆಯ ವಚನ ಅದು: ಕರ್ತನಲ್ಲಿ ಸಾಯುವವರು ಧನ್ಯರು, ತಮ್ಮ ದುಡಿಮೆಯಿಂದ ಅವರು ವಿಶ್ರಮಿಸುವರು, ಅವರ ಕೃತ್ಯಗಳು ಅವರನ್ನು ಹಿಂಬಾಲಿಸುವವು. ಇಂಥ ಒಂದು ಶಾಸ್ತ್ರವಾಕ್ಯವನ್ನು ಹಲವು ದನಿಗಳಿಗೆ ಹೆಣೆದ ಗಾಯನರಚನೆಗೆ ಮೋಟೆಟ್ ಎನ್ನುತ್ತಾರೆ. ಶ್ಯೂಟ್ಸ್ 1648ರಲ್ಲಿ ಅಚ್ಚು ಹಾಕಿಸಿದ ‘ಗೈಸ್ಟ್‌ಲಿಶೆ ಕೋರ್‌ಮುಜ಼ೀಕ್’ ಸಂಗ್ರಹದ 29 ಮೋಟೆಟ್‌ಗಳಲ್ಲಿ ಇದು 23ನೆಯದು. ಆರು ದನಿಗಳಲ್ಲಿ ಎತ್ತರದ ಹೆಣ್ಣುದನಿಯಾದ ಸೊಪ್ರಾನೋ ಎರಡು, ಎತ್ತರದ ಗಂಡುದನಿಯಾದ ಟೆನರ್ ಎರಡು, ಎಲ್ಲಕ್ಕಿಂತ ಕೆಳಗಿನ ಗಂಡುದನಿಯಾದ ಬೇಸ್ ಒಂದು, ಆಲ್ಟೋ ಒಂದೇ ಒಂದು. ಪಕ್ಕದಲ್ಲಿ ಇನ್ನೊಂದು ಆಲ್ಟೋ ಸಾಲು ಇಲ್ಲವೆಂದರೆ ತಪ್ಪನ್ನು ಬಚ್ಚಿಡಲು ಜಾಗವಿಲ್ಲವೆಂದೇ ಅರ್ಥ.

ಮೊದಲ ತಿಂಗಳು ನಾನು ಸ್ವರಕ್ಕಿಂತ ಹೆಚ್ಚಾಗಿ ವ್ಯಂಜನಗಳೊಡನೆ ಹೋರಾಡಿದೆ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಪೆನ್ಸಿಲಿನಿಂದ ಸ್ವರಗಳ ಕೆಳಗೆ ಬರೆದುಕೊಂಡಿದ್ದೆ. ಬರಹದಲ್ಲಿ ‘ಗ್’ ಎಂದಿರುವುದು ‘ಜ಼ೇಲಿಶ್’ನ ಕೊನೆಯಲ್ಲಿ ‘ಶ್’ಗೂ ‘ಹ್’ಗೂ ನಡುವಿನ ಬರಿಯ ಉಸಿರಾಗುತ್ತದೆ, ‘ಡ್’ ಎಂದಿರುವುದು ‘ಜ಼ಿಂಟ್’ನ ಕೊನೆಯಲ್ಲಿ ‘ಟ್’ ಆಗುತ್ತದೆ. ಇದನ್ನೆಲ್ಲ ಬರೆದುಕೊಂಡದ್ದಾಯಿತು, ಆದರೆ ಬಾಯಿ ಕೇಳಬೇಕಲ್ಲ. ಬಸ್ಸನ್ನು ಬಸ್ಸು ಎಂದೂ ಕಾರನ್ನು ಕಾರು ಎಂದೂ ಉಕಾರ ಹಚ್ಚಿಯೇ ಮುಗಿಸುವ ನಾಲಗೆ ‘ಜ಼ಿಂಟ್’ ಎಂಬುದನ್ನು ‘ಜ಼ಿಂಟು’ ಎಂದು ಮುಗಿಸುತ್ತಿತ್ತು. ನಲವತ್ತು ಜನ ಒಟ್ಟಿಗೆ ‘ಟ್’ ಎಂದು ಕತ್ತರಿಸಿ ನಿಲ್ಲಿಸಿದ ಮೇಲೆ ಉಳಿದ ನಿಶ್ಶಬ್ದದಲ್ಲಿ ಆಲ್ಟೋ ಸಾಲಿನಿಂದ ಒಂದು ಸಣ್ಣ ‘ಉ’ ತೇಲಿಬರುತ್ತಿತ್ತು. ನಿರ್ದೇಶಕಿ ಯಾರನ್ನೂ ಹೆಸರಿಸದೆ, ಕೊನೆಯ ವ್ಯಂಜನವನ್ನು ಎಲ್ಲಿ ಇಡಬೇಕೆಂಬುದಕ್ಕೂ ತಾಳದಲ್ಲಿ ಒಂದು ಸ್ಥಾನವಿದೆ, ಅದನ್ನು ಸ್ವರದಂತೆಯೇ ಎಣಿಸಿ ಇಡಿ ಎಂದರು. ಅಂದಿನಿಂದ ನಾನು ಪ್ರತಿ ಪದದ ಕೊನೆಯ ವ್ಯಂಜನವನ್ನು ಅದು ಬೀಳಬೇಕಾದ ಎಣಿಕೆಯ ಮೇಲೆಯೇ ಬರೆದುಕೊಳ್ಳತೊಡಗಿದೆ. ಕೆಲಸಕ್ಕೆ ಬಂದ ಉಪಾಯವೆಂದರೆ ಇದೊಂದೇ.

ಎರಡನೆಯ ತೊಡಕು ಷಡ್ಜದ್ದು. ಸ್ವರದಿಂದ ಸ್ವರಕ್ಕೆ ಜಾರಿ ಹೋಗುವ ಅಭ್ಯಾಸವನ್ನು ಕೆಲವೇ ವಾರಗಳಲ್ಲಿ ಬಿಟ್ಟೆ; ಗಮಕವನ್ನು ತಡೆಹಿಡಿಯುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಆದರೆ ಮನೆಯಲ್ಲಿ ಅಭ್ಯಾಸಕ್ಕೆಂದು ಫೋನಿನ ತಂಬೂರಿ ಹಾಕಿಕೊಂಡು ಆಲ್ಟೋ ಸಾಲನ್ನು ಹಾಡಿದಾಗ ಮೊದಲೆರಡು ಪದ ಸೊಗಸಾಗಿ ಕೂಡಿ, ಮೂರನೆಯದು ಬರುವಷ್ಟರಲ್ಲಿ ಎಲ್ಲ ಕೆಡುತ್ತಿತ್ತು. ಕಾರಣ ಹೊಳೆಯಲು ಬಹಳ ದಿನ ಹಿಡಿಯಿತು. ಇಲ್ಲಿ ಆಧಾರಷಡ್ಜ ಎಂಬುದೊಂದು ಕೊನೆಯವರೆಗೆ ಕದಲದೆ ಕೂರುವುದಿಲ್ಲ. ನಾನು ‘ಎ’ ಎಂಬ ಒಂದೇ ಸ್ವರವನ್ನು ಹಿಡಿದು ನಿಂತಿರುವಾಗ ಬೇಸ್‌ನವರು ‘ಡಿ’ಯಲ್ಲಿದ್ದರೆ ನಾನು ಪಂಚಮ, ಅವರು ‘ಎಫ್’ಗೆ ಸರಿದ ಕೂಡಲೇ, ನಾನು ಅಲುಗದಿದ್ದರೂ, ಅಂತರ ಗಾಂಧಾರ, ‘ಎ’ಗೇ ಬಂದರೆ ನಾನೇ ಷಡ್ಜ. ಹೆಸರು ಬದಲಾದರೆ ಸ್ಥಾನವೂ ಕೂದಲೆಳೆಯಷ್ಟು ಬದಲಾಗಬೇಕು. ಪಿಯಾನೋದಲ್ಲಿ ಈ ಗಾಂಧಾರ ಷಡ್ಜಕ್ಕಿಂತ 400 ಸೆಂಟ್ (ಒಂದು ಸ್ಥಾಯಿಯ 1200 ಪಾಲುಗಳಲ್ಲಿ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ) ಮೇಲಿರುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಒಳಗಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರವಾದರೋ 386ರ ಸುಮಾರಿನಲ್ಲಿ, ಎಂದರೆ 14 ಸೆಂಟ್ ಕೆಳಗೆ, ನಿಲ್ಲುತ್ತದೆ. ಶ್ಯೂಟ್ಸ್‌ನ ಕಾಲದ ಆರ್ಗನ್‌ಗಳನ್ನು ಸಾಮಾನ್ಯವಾಗಿ ಈ ಶಾಂತವಾದ ಗಾಂಧಾರವೇ ಸಿಗುವಂತೆ ಶ್ರುತಿ ಮಾಡುತ್ತಿದ್ದರು, ವಾದ್ಯವಿಲ್ಲದೆ ಹಾಡುವ ಒಳ್ಳೆಯ ವೃಂದ ಇಂದಿಗೂ ಅದನ್ನೇ ಹುಡುಕುತ್ತದೆ. ಬಾಲ್ಯದಿಂದ ಕಿವಿಯಲ್ಲಿ ಕೂತಿದ್ದ ತಂಬೂರಿ ನನಗೆ ಇಲ್ಲಿ ಉಪಕಾರಕ್ಕೆ ಬಂತು, ಆದರೆ ಅದನ್ನು ನಿಲ್ಲಿಸಿ, ಬೇಸ್‌ನವರನ್ನೇ ನಡೆದಾಡುವ ತಂಬೂರಿಯೆಂದು ಬಗೆದ ಮೇಲೆ. ಈಗಲೂ ಹೊಸ ರಚನೆ ಕೈಗೆ ಬಂದಾಗ ನಾನು ಮೊದಲು ಕಲಿಯುವುದು ನನ್ನ ಸಾಲನ್ನಲ್ಲ, ಬೇಸ್‌ನ ಸಾಲನ್ನು.

ಇಷ್ಟು ಹಾಡಲು ಬಂದ ಮೇಲೆ ಈ ಮನುಷ್ಯ ಯಾರೆಂದು ತಿಳಿಯುವ ಆಸೆ ಹುಟ್ಟಿತು. ಕ್ಯೋಸ್ಟ್ರಿಟ್ಸ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಹುಡುಗ. ತಂದೆ ವೈಸನ್‌ಫೆಲ್ಸ್‌ನಲ್ಲಿ ವಸತಿಗೃಹ ನಡೆಸುತ್ತಿದ್ದವನು. 1598ರಲ್ಲಿ ಅಲ್ಲಿ ರಾತ್ರಿ ತಂಗಿದ ಹೆಸ್ಸೆ-ಕಾಸೆಲ್‌ನ ದೊರೆ ಮೋರಿಟ್ಸ್ ಹುಡುಗನ ಹಾಡು ಕೇಳಿ ಮೆಚ್ಚಿ, ತಂದೆತಾಯಿಯರನ್ನು ಒಪ್ಪಿಸಿ, ಮರುವರ್ಷ ತನ್ನ ಆಸ್ಥಾನಕ್ಕೆ ಕರೆಸಿಕೊಂಡ. ಮನೆಯವರ ಇಷ್ಟದಂತೆ ಮಾರ್‌ಬುರ್ಗ್‌ನಲ್ಲಿ ಕಾನೂನು ಓದುತ್ತಿದ್ದವನನ್ನು ಅದೇ ದೊರೆ ಖರ್ಚು ಕೊಟ್ಟು 1609ರಲ್ಲಿ ವೆನಿಸ್‌ಗೆ, ಸಂಗೀತಗಾರ ಜೊವಾನಿ ಗಾಬ್ರಿಯೇಲಿಯ ಬಳಿಗೆ, ಕಳಿಸಿದ. 1612ರಲ್ಲಿ ಗುರು ತೀರಿಕೊಳ್ಳುವವರೆಗೆ ಅಲ್ಲಿದ್ದು, ಸಾಯುವ ಮುನ್ನ ಅವನು ನೆನಪಿಗೆಂದು ಬಿಟ್ಟುಹೋದ ಉಂಗುರವನ್ನು ಪಡೆದು ಶಿಷ್ಯ ಊರಿಗೆ ಮರಳಿದ. ನಂತರ ಸ್ಯಾಕ್ಸನಿಯ ಅಧಿಪತಿ ಯೋಹಾನ್ ಗೆಯೋರ್ಗ್ ಅವನನ್ನು ಡ್ರೆಸ್ಡನ್‌ಗೆ ಎಳೆದುಕೊಂಡ. 1619ರಲ್ಲಿ ವೆನಿಸ್‌ನ ರೀತಿಯಲ್ಲಿ ಹಲವು ವೃಂದಗಳು ಎದುರುಬದುರು ನಿಂತು ಹಾಡುವ ದಾವೀದನ ಕೀರ್ತನೆಗಳನ್ನು ಪ್ರಕಟಿಸಿದ. ಮದುವೆಯಾದದ್ದೂ ಅದೇ ವರ್ಷ. ಆರು ವರ್ಷಗಳಲ್ಲಿ ಹೆಂಡತಿ ತೀರಿಕೊಂಡಳು. ಇನ್ನೂ ನಲವತ್ತೇಳು ವರ್ಷ ಬದುಕಿದವನು ಮತ್ತೆ ಮದುವೆಯಾಗಲಿಲ್ಲ; ಇಬ್ಬರು ಹೆಣ್ಣುಮಕ್ಕಳೂ ಅವನ ಕಣ್ಣೆದುರಿಗೇ ಹೋದರು.

ಮೂವತ್ತು ವರ್ಷಗಳ ಯುದ್ಧವನ್ನು ಗಮನಕ್ಕೆ ತಂದುಕೊಳ್ಳದೆ ಶ್ಯೂಟ್ಸ್‌ನ ರಚನೆಗಳ ಗಾತ್ರ ಅರ್ಥವಾಗುವುದಿಲ್ಲವೆಂದು ನಾನು ನಂಬಿದ್ದೇನೆ. 1618ರಲ್ಲಿ ಹೊತ್ತಿಕೊಂಡ ಆ ಯುದ್ಧಕ್ಕೆ ಸ್ಯಾಕ್ಸನಿ 1631ರಲ್ಲಿ ಪೂರ್ತಿಯಾಗಿ ಇಳಿದ ಮೇಲೆ ಆಸ್ಥಾನದ ಸಂಗೀತಮೇಳ ಕರಗುತ್ತ ಹೋಯಿತು. ನಾಲ್ಕು ವೃಂದಗಳಿಗೆ ಬರೆಯುತ್ತಿದ್ದವನು 1636 ಮತ್ತು 1639ರಲ್ಲಿ ಹೊರತಂದ ಕಿರು ಧಾರ್ಮಿಕ ರಚನೆಗಳಲ್ಲಿ ಒಂದರಿಂದ ಐದು ಗಾಯಕರು ಮತ್ತು ಆರ್ಗನ್ ಇಷ್ಟನ್ನೇ ಇಟ್ಟುಕೊಂಡ. ಅಷ್ಟಕ್ಕಿಂತ ಹೆಚ್ಚು ಜನ ಸಿಗುತ್ತಿರಲಿಲ್ಲ, ಸಿಕ್ಕವರಿಗೆ ಸಂಬಳವಿರಲಿಲ್ಲ. ಯುದ್ಧ ಮುಗಿದ ಮೇಲೂ ಗತಿ ಅದೇ: 1650ರ ದಶಕದ ಆರಂಭದಲ್ಲಿ ಅವನು ಬರೆದ ಅರ್ಜಿಯೊಂದರಲ್ಲಿ, ತನ್ನ ಮೇಳದ ಬೇಸ್ ಗಾಯಕನೊಬ್ಬ ಹಾಸಿಗೆಯಿಲ್ಲದೆ ಹುಲ್ಲಿನ ಮೇಲೆ ಮಲಗುತ್ತಿದ್ದಾನೆ, ಮೈಮೇಲಿನ ಕೋಟನ್ನೂ ಒತ್ತೆಯಿಟ್ಟಿದ್ದಾನೆ ಎಂದು ಗೋಳಾಡಿಕೊಂಡಿದ್ದಾನೆ. ಆ ಮಾತನ್ನು ಓದಿದಂದಿನಿಂದ ಬೇಸ್‌ನ ಸಾಲು ಕೆಳಗಿಳಿದಾಗಲೆಲ್ಲ ನನಗೆ ಆ ಹುಲ್ಲುಹಾಸಿಗೆ ನೆನಪಾಗುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಬರಬಾರದ ನೆನಪು, ಆದರೂ ಬರುತ್ತದೆ.

ನಾವು ಹಾಡುತ್ತಿದ್ದ 1648ರ ಸಂಗ್ರಹ ಹೊರಬಂದದ್ದು ಯುದ್ಧ ಮುಗಿದ ವರ್ಷ. ಅದನ್ನು ಅವನು ಲೈಪ್ಸಿಗ್ ನಗರಕ್ಕೂ ಅಲ್ಲಿನ ಪ್ರಸಿದ್ಧ ಬಾಲಗಾಯಕರ ವೃಂದಕ್ಕೂ ಅರ್ಪಿಸಿದ್ದಾನೆ. ಮುನ್ನುಡಿ ಹಿರಿಯರ ಬುದ್ಧಿಮಾತಿನಂತಿದೆ: ಯುವ ರಚನಕಾರರು ಆರ್ಗನ್ನಿನ ಆಸರೆಯ ಹೊಸ ಶೈಲಿಗೆ ಹಾರುವ ಮೊದಲು, ಆಸರೆಯಿಲ್ಲದೆ ದನಿಗೆ ದನಿ ಹೆಣೆಯುವ ಗಟ್ಟಿ ಕಾಯನ್ನು ಹಲ್ಲಿನಿಂದ ಒಡೆಯಬೇಕು, ಒಳಗಿನ ತಿರುಳು ಸಿಗುವುದು ಆಮೇಲೆಯೇ. ನಮ್ಮಲ್ಲಿ ಸರಳೆ, ಜಂಟಿ ವರಸೆಗಳನ್ನು ಬೆಳಗಿನ ಜಾವ ಹೇಳಿಸಿಕೊಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ತಾಳದ ವಿಚಾರದಲ್ಲಿ ನಾನು ತಪ್ಪಿದ್ದು ವೇದಿಕೆಯ ಮೇಲೆಯೇ. ಎಣಿಕೆ ತಪ್ಪಬಾರದೆಂದು ತೊಡೆಯ ಮೇಲೆ ಬೆರಳಿನಿಂದ ಆದಿತಾಳದಂತೆ ನಾಲ್ಕು ನಾಲ್ಕಾಗಿ ತಟ್ಟಿಕೊಳ್ಳುವುದು ನನ್ನ ರೂಢಿಯಾಗಿತ್ತು. ಈ ಮೋಟೆಟ್‌ನ ಕಡೆಯ ಭಾಗದಲ್ಲಿ ‘ಅವರ ಕೃತ್ಯಗಳು ಅವರನ್ನು ಹಿಂಬಾಲಿಸುವವು’ ಎಂಬ ಮಾತು ಬರುತ್ತದೆ. ಶ್ಯೂಟ್ಸ್ ಇಲ್ಲಿ ಮಾಡಿರುವುದು ಸರಳ: ಒಂದು ದನಿ ಆ ಮಾತನ್ನು ಎತ್ತಿಕೊಂಡು ಹೊರಡುತ್ತದೆ, ಅದು ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನು ಹತ್ತುತ್ತದೆ, ಹಿಂದೆಯೇ ಮತ್ತೊಂದು. ಹಿಂಬಾಲಿಸುವುದೆಂಬ ಅರ್ಥವನ್ನು ದನಿಗಳೇ ನಡೆದು ತೋರಿಸುತ್ತವೆ. ಅದಕ್ಕೆ ಮುಂಚಿನ ‘ಜ಼ೀ ರೂಹನ್’, ವಿಶ್ರಮಿಸುವರು ಎಂಬಲ್ಲಿ ಎಲ್ಲ ದನಿಗಳೂ ದೀರ್ಘ ಸ್ವರಗಳಲ್ಲಿ ಕದಲದೆ ಮಲಗಿಬಿಡುತ್ತವೆ. ಆ ನಿಲುಗಡೆಯಿಂದ ಈ ಬೆನ್ನಟ್ಟುವಿಕೆಗೆ ಬರುವಾಗ ನಾನು ಮಾತಿನ ಒತ್ತನ್ನು ಕೇಳದೆ ಬೆರಳಿನ ಸಮವನ್ನು ನಂಬಿ, ಒಂದು ಎಣಿಕೆ ಮೊದಲೇ ನುಗ್ಗಿದೆ. ಹಿಂಬಾಲಿಸಬೇಕಾದವಳು ಮುಂದಾಳಾಗಿಬಿಟ್ಟೆ. ಪಕ್ಕದ ಹಿರಿಯ ಆಲ್ಟೋ ಮೊಣಕೈಯಿಂದ ತಿವಿದರು, ನಾನು ಎರಡು ಪದ ಬಾಯಿ ಮುಚ್ಚಿ ಆಮೇಲೆ ಸೇರಿಕೊಂಡೆ.

ಮರುದಿನ ಕುಳಿತು ನೋಡಿದಾಗ ತಿಳಿದದ್ದು ಇಷ್ಟು. ನಮ್ಮ ಪ್ರತಿಗಳಲ್ಲಿ ಎಣಿಕೆಗಳನ್ನು ಗುಂಪು ಗುಂಪಾಗಿ ಬೇರ್ಪಡಿಸುವ ಗೆರೆಗಳು ಈ ಕಾಲದ ಸಂಪಾದಕರು ಎಳೆದವು. 1648ರಲ್ಲಿ ಪ್ರತಿ ದನಿಗೂ ಬೇರೆ ಬೇರೆ ಪುಸ್ತಕ ಅಚ್ಚಾಗಿತ್ತು. ಹಾಡುವವನಿಗೆ ತನ್ನ ಸಾಲು ಬಿಟ್ಟು ಬೇರೆಯದು ಕಾಣುತ್ತಿರಲಿಲ್ಲ. ಅವನು ನಂಬಬೇಕಾದದ್ದು ನಿಧಾನವಾಗಿ ಏರಿಳಿಯುವ ಕೈಯನ್ನು, ತನ್ನ ಕಿವಿಯನ್ನು ಮತ್ತು ಮಾತಿನ ಸಹಜವಾದ ಒತ್ತನ್ನು. ಗೆರೆ ಎಲ್ಲೇ ಬೀಳಲಿ, ‘ಫೋಲ್ಗನ್’ (ಹಿಂಬಾಲಿಸು) ಎಂಬ ಪದದಲ್ಲಿ ತೂಕ ‘ಫೋಲ್’ ಮೇಲಿರುತ್ತದೆ. ಬೆರಳು ತಟ್ಟುವುದನ್ನು ನಿಲ್ಲಿಸಿ, ಒಂದು ವಾರವಿಡೀ ಸ್ವರವಿಲ್ಲದೆ, ಜರ್ಮನ್ನರು ಮಾತಾಡುವ ಹಾಗೆ ಸಾಹಿತ್ಯವನ್ನು ಬರಿಯ ಮಾತಾಗಿ ಹೇಳಿಕೊಂಡೆ. ಟ್ರಾಮಿನಲ್ಲಿ ಎದುರು ಕುಳಿತವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಸತ್ತವರು ಧನ್ಯರೆಂದು ನಾನು ಗೊಣಗುತ್ತಿದ್ದುದು ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ವಾರ ಕಳೆದು ಮತ್ತೆ ಸ್ವರ ಹಚ್ಚಿದಾಗ ಅದು ಮಾತಿನ ಮೇಲೆಯೇ ಬೆಳೆದ ಹಾಗೆ ಕುಳಿತುಕೊಂಡಿತು. ಅಂದಿನಿಂದ ಅವನ ಯಾವ ರಚನೆಯನ್ನೂ ನಾನು ಸ್ವರದಿಂದ ಶುರುಮಾಡಿಲ್ಲ.

ಇದೇ ವಚನವನ್ನು ಶ್ಯೂಟ್ಸ್ ಹನ್ನೆರಡು ವರ್ಷ ಮೊದಲೇ ಒಮ್ಮೆ ಬಳಸಿದ್ದ. ಗೇರಾದ ಸಂಸ್ಥಾನಿಕನಾದ ಹೈನ್ರಿಶ್ ಪೊಸ್ಟುಮುಸ್ ತಾನು ಬದುಕಿರುವಾಗಲೇ ತಾಮ್ರದ ಶವಪೆಟ್ಟಿಗೆಯನ್ನು ಮಾಡಿಸಿ, ಅದರ ಮೇಲೆ ತನಗೆ ಪ್ರಿಯವಾದ ಬೈಬಲ್ ವಚನಗಳನ್ನು ಕೆತ್ತಿಸಿಟ್ಟುಕೊಂಡಿದ್ದ. 1636ರ ಫೆಬ್ರವರಿಯಲ್ಲಿ ನಡೆದ ಅವನ ಅಂತ್ಯಸಂಸ್ಕಾರಕ್ಕೆ ಶ್ಯೂಟ್ಸ್ ಆ ವಚನಗಳನ್ನೇ ಜೋಡಿಸಿ ‘ಮುಜ಼ಿಕಾಲಿಶೆ ಎಕ್ಸೆಕ್ವಿಯನ್’ ರಚಿಸಿದ. ಕಡೆಯ ಭಾಗದಲ್ಲಿ ಮುಖ್ಯ ವೃಂದ, ಕರ್ತನೇ, ನಿನ್ನ ಸೇವಕನನ್ನು ಸಮಾಧಾನದಿಂದ ಕಳಿಸಿಕೊಡು ಎಂದು ಹಾಡುತ್ತಿರುವಾಗ, ಇಬ್ಬರು ದೇವದೂತರೂ ಅವರ ನಡುವೆ ಸತ್ತವನ ಆತ್ಮವೂ ಎಂಬಂತೆ ಮೂವರು ದೂರದಲ್ಲಿ ನಿಂತು ‘ಜ಼ೇಲಿಶ್ ಜ಼ಿಂಟ್ ಡೀ ಟೋಟನ್’ ಎನ್ನುತ್ತಾರೆ. ಆ ಮೂವರನ್ನು ನಮ್ಮ ನಿರ್ದೇಶಕಿ ಒಮ್ಮೆ ಆರ್ಗನ್ನಿನ ಹಿಂದೆ ನಿಲ್ಲಿಸಿದರು, ಇನ್ನೊಮ್ಮೆ ಬಾಗಿಲಿನ ಹೊರಗೆ. ಎರಡನೆಯದರಲ್ಲಿ ಗಾಳಿಯ ಸದ್ದೂ ಸೇರಿಕೊಂಡಿತು, ನನಗೆ ಅದೇ ಹೆಚ್ಚು ಹಿಡಿಸಿತು. ಎರಡು ಶತಮಾನಗಳ ನಂತರ ಸಂಗೀತಗಾರ ಬ್ರಾಮ್ಸ್, ಸತ್ತವರನ್ನು ನೆನೆವ ತನ್ನ ‘ಜರ್ಮನ್ ರಿಕ್ವಿಯಮ್’ ಎಂಬ ರಚನೆಯ ಕಡೆಯ ಭಾಗಕ್ಕೆ ಇದೇ ವಚನವನ್ನು ಆರಿಸಿಕೊಂಡ. ಅದು ಭವ್ಯ, ಸಂದೇಹವಿಲ್ಲ, ಆದರೆ ನನ್ನ ಮನಸ್ಸು ಶ್ಯೂಟ್ಸ್‌ನ ಮಿತವ್ಯಯದ ಕಡೆಗೇ ವಾಲುತ್ತದೆ.

ಎಂಬತ್ತರ ವಯಸ್ಸಿನಲ್ಲಿ ಶ್ಯೂಟ್ಸ್ ಬರೆದ ಯೇಸುವಿನ ಯಾತನೆಯ ಕಥನಗಳಲ್ಲಿ ಒಂದೂ ವಾದ್ಯವಿಲ್ಲ. ಕಥೆ ಹೇಳುವವನು ಒಬ್ಬಂಟಿ ದನಿಯಲ್ಲಿ ಹೇಳುತ್ತಾನೆ, ಜನಜಂಗುಳಿ ನಾಲ್ಕು ದನಿಗಳಲ್ಲಿ ಕೂಗುತ್ತದೆ. ತನ್ನ ಅಂತ್ಯಸಂಸ್ಕಾರಕ್ಕೆ ಹಳೆಯ ಶೈಲಿಯ ಮೋಟೆಟ್ ಒಂದನ್ನು ಬರೆದುಕೊಡೆಂದು ಶಿಷ್ಯ ಕ್ರಿಸ್ಟೋಫ್ ಬೆರ್ನ್‌ಹಾರ್ಡ್‌ನನ್ನು ಮುಂಚೆಯೇ ಕೇಳಿಕೊಂಡಿದ್ದವನು 1672ರ ನವೆಂಬರ್ 6ರಂದು, 87ನೆಯ ವಯಸ್ಸಿನಲ್ಲಿ, ಇದೇ ಡ್ರೆಸ್ಡನ್‌ನಲ್ಲಿ ತೀರಿಕೊಂಡ. ಅವನನ್ನು ಹೂಳಿದ್ದು ಹಳೆಯ ಫ್ರೌಎನ್‌ಕಿರ್ಖೆಯಲ್ಲಿ. 18ನೆಯ ಶತಮಾನದಲ್ಲಿ ಆ ಚರ್ಚನ್ನು ಕೆಡವಿ ಹೊಸದನ್ನು ಕಟ್ಟುವಾಗ ಸಮಾಧಿಯೂ ಇಲ್ಲವಾಯಿತು.

ಕಳೆದ ಜನವರಿಯಲ್ಲಿ ನಮ್ಮ ವೃಂದದ ಹಿರಿಯ ಬೇಸ್ ಗಾಯಕರೊಬ್ಬರು ತೀರಿಕೊಂಡರು. ನಾನು ತಂಬೂರಿಯೆಂದು ಬಗೆದು ಕಿವಿಗೊಡುತ್ತಿದ್ದುದು ಬಹುಪಾಲು ಅವರ ದನಿಗೇ. ಸ್ಮಶಾನದ ಪುಟ್ಟ ಪ್ರಾರ್ಥನಾಮಂದಿರದಲ್ಲಿ ನಲವತ್ತು ಜನಕ್ಕೆ ಜಾಗವಿರಲಿಲ್ಲ. ದನಿಗೆ ಇಬ್ಬರಂತೆ ಹನ್ನೆರಡು ಜನ, ಕೋಟು ಕೈಗವಸುಗಳಲ್ಲೇ, ಪೆಟ್ಟಿಗೆಯ ಸುತ್ತ ನಿಂತೆವು. ನಿರ್ದೇಶಕಿ ಟ್ಯೂನಿಂಗ್ ಫೋರ್ಕನ್ನು ಮಂಡಿಗೆ ತಟ್ಟಿ ಕಿವಿಗಿಟ್ಟುಕೊಂಡು, ಮೆಲ್ಲಗೆ ಗುನುಗಿ ಸ್ವರ ಕೊಟ್ಟರು. ‘ಫೋಲ್ಗನ್’ ಬಂದಾಗ ನಾನು ಟೆನರ್‌ಗಳು ಹೊರಡುವುದನ್ನು ಕೇಳಿ, ಮಾತಿನ ತೂಕ ಬರುವವರೆಗೆ ತಡೆದು, ಅವರ ಹಿಂದೆ ಹೊರಟೆ. ಕೊನೆಯ ಪದ ‘ನಾಖ್’. ನಮ್ಮ ಖಕಾರವಲ್ಲ ಅದು, ಗಂಟಲಿನ ಅಂಚಿನಲ್ಲಿ ಒರೆಸಿಕೊಂಡು ಹೋಗುವ ಬರಿಯ ಗಾಳಿ. ಸ್ವರ ನಿಂತ ಮೇಲೆ ಹನ್ನೆರಡು ಬಾಯಿಗಳಿಂದ ಒಟ್ಟಿಗೆ ಹೊರಬಿದ್ದ ಆ ಉಸಿರು ಚಳಿಯಲ್ಲಿ ಬೆಳ್ಳಗೆ ಕಾಣಿಸಿತು, ಯಾವ ‘ಉ’ಕಾರವೂ ಅದರ ಹಿಂದೆ ಬರಲಿಲ್ಲ.