ಪುಣೆಯ ಚಳಿಗೆ ರಾತ್ರಿ ಊಟ: ಸಜ್ಜೆ ರೊಟ್ಟಿ, ತೊಗರಿಕಾಯಿ ಆಮಟಿ, ಹುರಳಿ ಕಟ್ಟು

ಡಿಸೆಂಬರ್ ಹಿಡಿದು ಜನವರಿ ಮುಗಿಯುವವರೆಗೆ ಪುಣೆಯ ರಾತ್ರಿ ಹಲವು ಸಲ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಡುಗೆಮನೆಯ ಕಟ್ಟೆಕಲ್ಲು ಮುಟ್ಟಿದರೆ ಕೈ ಕೊರೆಯುತ್ತದೆ. ಇದರಿಂದ ರಾತ್ರಿ ಅಡುಗೆಗೆ ಎರಡು ತೊಡಕು. ನೆನೆಹಾಕಿದ ಕಾಳು, ರುಬ್ಬಿದ ಹಿಟ್ಟು ಹೊತ್ತಿಗೆ ಸರಿಯಾಗಿ ಕೈಗೆ ಬರುವುದಿಲ್ಲ. ಬಂದದ್ದು ತಟ್ಟೆಯಲ್ಲಿ ಐದೇ ನಿಮಿಷಕ್ಕೆ ಆರಿಹೋಗುತ್ತದೆ. ಹಾಗಾಗಿ ಈ ಎರಡು ತಿಂಗಳು ನಾನು ರಾತ್ರಿಯ ಅಡುಗೆಯನ್ನು ಬೆಳಿಗ್ಗೆ ಚಹದ ಜೊತೆಗೇ ನಿಶ್ಚಯಿಸುತ್ತೇನೆ. ರೊಟ್ಟಿಯನ್ನು ಮಾತ್ರ ಎಲ್ಲರೂ ಕೈತೊಳೆದು ಕುಳಿತ ಮೇಲೆಯೇ ಬಡಿಯುವುದು.

ರೊಟ್ಟಿ ಎಂದರೆ ಈ ದಿನಗಳಲ್ಲಿ ಸಜ್ಜೆಯದು. ಕೆಟ್ಟರೆ ಅದು ಕೆಡುವುದು ಗಿರಣಿಯಿಂದಲೇ. ಸಜ್ಜೆಯಲ್ಲಿ ಜಿಡ್ಡಿನ ಅಂಶ ಗೋಧಿ, ಜೋಳಕ್ಕಿಂತ ಹೆಚ್ಚು. ಬೀಸಿದ ಕೂಡಲೇ ಆ ಜಿಡ್ಡು ಒಡೆಯಲು ಶುರುವಾಗುತ್ತದೆ, ದಿನ ಕಳೆದಂತೆ ಹಿಟ್ಟು ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಅದಕ್ಕೇ ಒಂದು ಸಲಕ್ಕೆ ಒಂದೇ ಕಿಲೋ ಬೀಸಿಸುತ್ತೇನೆ, ಎಂಟು-ಹತ್ತು ದಿನದಲ್ಲಿ ಮುಗಿಸುತ್ತೇನೆ. ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ, ಹಾಗೆಯೇ ಡಬ್ಬಿಯ ಮುಚ್ಚಳ ಹಾಕಿದರೆ ಒಳಗೆ ಬೆವರಿ ಗಂಟು ಕಟ್ಟುತ್ತದೆ. ಪರಾತದಲ್ಲಿ, ಅಂದರೆ ಅಂಚಿರುವ ಅಗಲ ತಟ್ಟೆಯಲ್ಲಿ ಹರವಿ, ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಅಂಗಡಿಯ ಪ್ಯಾಕೆಟ್ ಹಿಟ್ಟೇ ಗತಿಯಾದರೆ ಬೀಸಿದ ತಾರೀಕು ನೋಡಿ, ಮನೆಗೆ ಬಂದು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಳ್ಳಿ. ಕೊನೆಯಲ್ಲಿ ಕಹಿ ಉಳಿದರೆ ಆ ಹಿಟ್ಟಿಗೆ ಯಾವ ಉಪಾಯವೂ ಇಲ್ಲ.

250 ಗ್ರಾಂ ಹಿಟ್ಟಿಗೆ ಸುಮಾರು 200 ಮಿಲಿ ನೀರು, ಅರ್ಧ ಚಮಚ ಉಪ್ಪು. ಐದು ರೊಟ್ಟಿ ಆಗುತ್ತವೆ. ಗೋಧಿಯಲ್ಲಿ ಇರುವ ಹಿಡಿತ ಸಜ್ಜೆಯಲ್ಲಿ ಇಲ್ಲ, ಜಿಗಿ ಬರಬೇಕಾದರೆ ಎಸರು ಕುದಿಯಲೇಬೇಕು. ಹಿಟ್ಟಿನ ನಡುವೆ ಗುಂಡಿ ಮಾಡಿ ಮುಕ್ಕಾಲು ಪಾಲು ಎಸರು ಸುರಿದು, ಸೌಟಿನ ಹಿಡಿಯಿಂದ ಕಲಸಿ ಐದು ನಿಮಿಷ ಮುಚ್ಚಿಡುತ್ತೇನೆ. ಚಳಿಗೆ ಪರಾತವೇ ಎಸರಿನ ಬಿಸಿ ಕುಡಿದುಬಿಡುತ್ತದೆ, ಮೊದಲು ಅದಕ್ಕೆ ಬಿಸಿನೀರು ಹಾಕಿ ಚೆಲ್ಲಿರಬೇಕು. ಆಮೇಲೆ ಉಳಿದ ನೀರನ್ನು ಚಿಮುಕಿಸುತ್ತ ಅಂಗೈಯ ಬುಡದಿಂದ ನಾದುವುದು. ಎಲ್ಲವನ್ನೂ ಒಟ್ಟಿಗೆ ನಾದಿಟ್ಟರೆ ನಾಲ್ಕನೆಯ ರೊಟ್ಟಿಯ ಹೊತ್ತಿಗೆ ಹಿಟ್ಟು ಬಿರುಸಾಗಿರುತ್ತದೆ. ಒಂದೊಂದೇ ಉಂಡೆಯನ್ನು ಆಯಾ ಹೊತ್ತಿಗೇ ಎರಡು ನಿಮಿಷ ನಾದಿ ಬಡಿಯಬೇಕು. ಬಡಿಯುವಾಗ ಅಂಚು ಒಡೆದರೆ ನಾದಿದ್ದು ಸಾಲದು ಇಲ್ಲವೇ ನೀರು ಕಡಿಮೆ ಎಂದರ್ಥ. ತಳಕ್ಕೆ ಅಂಟಿದರೆ ನೀರು ಹೆಚ್ಚು. ಒಣಹಿಟ್ಟು ಜಾಸ್ತಿ ಉದುರಿಸಿ ಸರಿಮಾಡಲು ಹೋಗಬೇಡಿ, ಹಂಚಿನ ಮೇಲೆ ಅದೇ ಸುಟ್ಟು ಹೊಗೆಯ ವಾಸನೆ ಕೊಡುತ್ತದೆ.

ಎಳ್ಳು ಒತ್ತುವುದಾದರೆ ಕೊನೆಯ ನಾಲ್ಕು ತಟ್ಟಿನ ಹೊತ್ತಿಗೆ. ಹಂಚು ಕಬ್ಬಿಣದ್ದು, ನೀರು ಚಿಮುಕಿಸಿದರೆ ಚುರ್ ಎಂದು ಹಾರಬೇಕು. ರೊಟ್ಟಿ ಹಾಕಿದೊಡನೆ ಮೇಲ್ಮೈಗೆಲ್ಲ ನೀರು ಸವರಿ, ಆ ನೀರಿನ ಹೊಳಪು ಆರುತ್ತ ಬಂದಾಗಲೇ ತಿರುವಬೇಕು. ಉಬ್ಬುವುದು ಬಿಡುವುದು ಈ ಒಂದು ಕ್ಷಣದ ಮೇಲೆ ನಿಂತಿದೆ. ಪೂರ್ತಿ ಒಣಗಲು ಬಿಟ್ಟರೆ ಮೇಲಿನ ಪದರ ಬಿರಿದು ಹಬೆ ಅಲ್ಲಿಂದ ಹೋಗುತ್ತದೆ. ತಿರುವಿದ ಬದಿ ಚುಕ್ಕೆ ಚುಕ್ಕೆಯಾಗಿ ಬೆಂದ ಮೇಲೆ, ಮೊದಲು ಹಂಚು ಮುಟ್ಟಿದ್ದ ಬದಿಯನ್ನು ನೇರ ಉರಿಗೆ ಹಿಡಿದರೆ ಉಬ್ಬುತ್ತದೆ. ಕೂಡಲೇ ತಟ್ಟೆಗೆ ಹಾಕಿ ಬೆಣ್ಣೆ. ಕ್ಯಾಸರೋಲಿಗೆ ಹಾಕಲೇಬೇಕಾದರೆ ಅಡಿಗೂ ಮೇಲೂ ಬಟ್ಟೆ ಇರಲಿ.

ಇನ್ನು ಜೊತೆಗೆ ನೆಂಚಿಕೊಳ್ಳಲು ಆಮಟಿ, ಅಂದರೆ ಮರಾಠಿ ಮನೆಗಳ ಹುಳಿಸಾರು. ಪುಣೆಯ ತರಕಾರಿ ಮಾರುಕಟ್ಟೆ ಮಂಡಈಯಲ್ಲಿ ಈಗ ಹಸಿ ತೊಗರಿಕಾಯಿ ಬಂದಿರುತ್ತದೆ. ‘ತುರೀಚ್ಯಾ ಶೇಂಗಾ’ ಎಂದು ಕೇಳಿದರೆ ಕೊಡುತ್ತಾರೆ. ನಾಲ್ಕು ಜನಕ್ಕೆ ಬಿಡಿಸಿದ ಕಾಳು 300 ಗ್ರಾಂ ಬೇಕು. ಬಿಡಿಸುವ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಲಿ, ಆಫೀಸಿನಿಂದ ಬಂದು ಕುಳಿತರೆ ಊಟ ಹತ್ತಕ್ಕೆ ಹೋಗುತ್ತದೆ. ಒಂದು ಹಿಡಿ ಕಾಳು ಬೇರೆ ತೆಗೆದು ಒಂದು ಲೋಟ ನೀರಿನಲ್ಲಿ ಬೇಯಲು ಇಟ್ಟು, ಉಳಿದದ್ದನ್ನು ಒಂದು ಚಮಚ ಎಣ್ಣೆಯಲ್ಲಿ ಮಧ್ಯಮ ಉರಿಯ ಮೇಲೆ ಆರೇಳು ನಿಮಿಷ, ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡುವವರೆಗೆ ಹುರಿಯುತ್ತೇನೆ. ಹುರಿಯದೆ ರುಬ್ಬಿದರೆ ಹಸಿವಾಸನೆ ಕುದಿಸಿದರೂ ಹೋಗದು. ನಾಲ್ಕು ಹಸಿಮೆಣಸಿನಕಾಯಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ ಸೇರಿಸಿ ತರಿತರಿಯಾಗಿ ರುಬ್ಬಬೇಕು. ನುಣ್ಣಗಾದರೆ ಆಮಟಿ ಅಂಟಂಟಾಗುತ್ತದೆ. ಸಾಸಿವೆ, ಇಂಗು, ಒಂದು ಉಳ್ಳಾಗಡ್ಡಿಯ ಒಗ್ಗರಣೆಗೆ ಈ ತರಿ ಹಾಕಿ ಮೂರು ನಿಮಿಷ ಹುರಿದು, ಅರಿಸಿನ, ಒಂದೂವರೆ ಚಮಚ ಗೋಡಾ ಮಸಾಲೆ (ಮರಾಠಿ ಅಡುಗೆಯ ಮಸಾಲೆಪುಡಿ), ಉಪ್ಪು, ಬೆಂದ ಕಾಳು, ಮೂರು ಲೋಟ ಬಿಸಿನೀರು. ತಣ್ಣೀರು ಸುರಿದರೆ ಗಂಟಾಗುತ್ತದೆ. ಹತ್ತು-ಹನ್ನೆರಡು ನಿಮಿಷ ಕುದಿದ ಮೇಲೆಯೇ ಹುಣಸೆಹುಳಿ, ಚೂರು ಬೆಲ್ಲ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗದು. ಇಳಿಸುವಾಗ ತುಸು ನೀರಾಗಿಯೇ ಇರಲಿ, ಆರಿದಂತೆ ಅದು ಗಟ್ಟಿಯಾಗುತ್ತದೆ.

ವಾರಕ್ಕೆ ಒಂದು ದಿನ ಹುರಳಿ ಕಟ್ಟು. ಹುರಳಿಯಲ್ಲಿ ಅದರದೇ ಬಣ್ಣದ ಸಣ್ಣ ಕಲ್ಲು ಇರುತ್ತವೆ, ಆರಿಸಿದರೆ ಸಾಲದು, ನೀರಿನಲ್ಲಿ ಜಾಲಿಸಬೇಕು. ಬೆಳಿಗ್ಗೆ ಎಂಟಕ್ಕೆ ಒಂದು ಲೋಟ ಹುರಳಿಯನ್ನು ಬಿಸಿನೀರಿನಲ್ಲಿ ನೆನೆಹಾಕಿ ಮುಚ್ಚಿಟ್ಟರೆ ಸಂಜೆ ಏಳಕ್ಕೆ ತಯಾರು. ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಏಳೆಂಟು ಸೀಟಿ. ಕಾಳು ಬಸಿದ ನೀರೇ ಕಟ್ಟು. ಅದಕ್ಕೆ ಸುಟ್ಟ ಉಳ್ಳಾಗಡ್ಡಿ ಒಂದು, ಒಣಕೊಬ್ಬರಿ ಎರಡು ಚಮಚ, ಬೆಳ್ಳುಳ್ಳಿ ಆರು ಎಸಳು, ಮೆಣಸು ಅರ್ಧ ಚಮಚ, ಜೀರಿಗೆ ಒಂದು ಚಮಚ, ಬೆಂದ ಹುರಳಿ ಎರಡು ಚಮಚ ರುಬ್ಬಿ ಹಾಕಿ, ಹುಣಸೆರಸ ಹಿಂಡಿ ಹತ್ತು ನಿಮಿಷ ಕುದಿಸುವುದು. ಹುರಳಿ ರುಬ್ಬಿ ಹಾಕದಿದ್ದರೆ ಮಸಾಲೆ ಅಡಿಗೆ ಇಳಿದು ಮೇಲೆ ಬರಿ ನೀರು ನಿಲ್ಲುತ್ತದೆ. ಉಳಿದ ಕಾಳು ಮರುದಿನದ ಡಬ್ಬಿಗೆ ಪಲ್ಯ.

ಮಟಕಿ (ಮಡಿಕೆ ಕಾಳು) ಮೊಳಕೆಗೆ ಬೇಸಿಗೆಯಲ್ಲಿ ಒಂದು ರಾತ್ರಿ ಸಾಕು, ಈಗ ಒಂದು ಹಗಲು ಒಂದು ರಾತ್ರಿ ಪೂರ್ತಿ ಬೇಕು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಕ್ಯಾಸರೋಲಿನಲ್ಲಿಡಿ, ಮಧ್ಯೆ ಒಮ್ಮೆ ಉಗುರುಬೆಚ್ಚಗಿನ ನೀರು ಚಿಮುಕಿಸಿ. ದೋಸೆಹಿಟ್ಟಿಗೂ ಹದಿನಾಲ್ಕು-ಹದಿನಾರು ತಾಸು ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಓವನ್ ಇದ್ದರೆ ಅದರ ದೀಪ ಮಾತ್ರ ಹಾಕಿ ಒಳಗೆ ಇಡುತ್ತೇನೆ. ಮುಂಬೈಯಲ್ಲಿ ಅಷ್ಟು ಚಳಿ ಇಲ್ಲ, ಅಲ್ಲಿಯವರು ಈ ಲೆಕ್ಕ ಹಿಡಿದರೆ ಹಿಟ್ಟು ಹುಳಿಯಾದೀತು.

ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಇಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆರಕೆ ಪಲ್ಯ. ಪಲ್ಯ ಕೆಡುವುದು ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದಾಗ. ಹಸಿ ಕಡಲೆ, ಅವರೆ, ನೆನೆದ ಶೇಂಗಾ ಮೊದಲು, ಅವು ಮುಕ್ಕಾಲು ಬೆಂದ ಮೇಲೆ ಗಜ್ಜರಿ, ಕೊನೆಗೆ ಬದನೆಕಾಯಿ. ಎಳ್ಳು-ಶೇಂಗಾ ಪುಡಿ ಇಳಿಸುವ ಮುಂಚೆ.

ರೊಟ್ಟಿ ಉಳಿದರೆ ಮತ್ತೆ ಹಂಚಿಗೆ ಹಾಕಬೇಡಿ, ಚರ್ಮದಂತಾಗುತ್ತದೆ. ಕೈಯಿಂದ ಸಣ್ಣಗೆ ಮುರಿದು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ನಾಲ್ಕು ಚಮಚ ಮಜ್ಜಿಗೆ ಚಿಮುಕಿಸಿ ಮುಚ್ಚಿ, ಸಣ್ಣ ಉರಿಯ ಮೇಲೆ ಮೂರು ನಿಮಿಷ ಬಿಟ್ಟರೆ ಬೆಳಗಿನ ನಾಷ್ಟಾಕ್ಕೆ ಮೆತ್ತಗೆ ಬರುತ್ತದೆ.